ಬಲ ಬೂಟಿನ ತಕರಾರು

ನವೆಂಬರ್ 9, ಶನಿವಾರ. ಸಂಜೆ

ಮತ್ತೆ ಒದ್ದೆ. ಹಿಮವೂ ಅಲ್ಲ, ಮಳೆಯೂ ಅಲ್ಲ. ಎರಡೂ ಸೇರಿದ ಗಂಜಿ. ಸೈಕಲ್ಲಿನಲ್ಲಿ ನದಿ ಸೇತುವೆ ದಾಟುವಷ್ಟರಲ್ಲಿ ಬಲ ಬೂಟಿನೊಳಗೆ ಪಚಪಚ. ಹಳೇ ಬೂಟಿನ ಅಟ್ಟೆ ಬಾಯಿ ಬಿಟ್ಟಿದೆ. ಅಂಟು ಹಾಕಿದ್ದಾಯಿತು, ಟೇಪ್ ಸುತ್ತಿದ್ದಾಯಿತು. ಇನ್ನು ಮಣ್ಣು ಮಾಡುವುದೊಂದೇ ಬಾಕಿ.

ಚರ್ಚಿನಲ್ಲಿ ಇವತ್ತು ಇದ್ದದ್ದೂ ಅದೇ ಕೆಲಸ. ಶವದ ಪೆಟ್ಟಿಗೆ, ಬಿಳಿ ಹೂ, ಮುಂದಿನ ಸಾಲಿನಲ್ಲಿ ಸತ್ತವನ ಹೆಂಡತಿ. ನಾನು ಮೇಲೆ ಆರ್ಗನ್ ಮುಂದೆ. ಬೂಟು ಕಳಚಿ ತೆಳು ಚರ್ಮದ ಶೂ ಹಾಕಿಕೊಂಡೆ. ಬಲಗಾಲು ಹಿಡಿದಿಟ್ಟ ಮೀನಿನ ಹಾಗೆ ತಣ್ಣಗೆ. ಎಡಗಾಲು ಆರಾಮ.

ಎರಡನೇ ಚರಣದಲ್ಲಿ ಕಾಲ್ಮಣೆ ತಪ್ಪಿತು. ಕಾಲಲ್ಲಿ ಒತ್ತುವ ಮರದ ಪಟ್ಟಿಗಳು ಇವೆಯಲ್ಲ, ಅವಕ್ಕೆ ನಾನು ಕಲಿತಾಗಿನಿಂದ ಕಾಲ್ಮಣೆ ಅಂತಲೇ ಅನ್ನುತ್ತೇನೆ. ಅದನ್ನು ಬಗ್ಗಿ ನೋಡಿ ನುಡಿಸುವುದು ನಾಚಿಕೆಗೇಡು. ಕಾಲೇ ಹುಡುಕಿಕೊಳ್ಳಬೇಕು. ಇವತ್ತು ಕಾಲು ಪಕ್ಕದ ಮನೆಗೆ ಹೋಗಿ ಕೂತಿತು. ದಪ್ಪ ತಪ್ಪು ಸ್ವರ, ಚರ್ಚಿನ ಗೋಡೆಗೆಲ್ಲ ಕೇಳುವಂಥದ್ದು. ಆ ಹೆಂಡತಿ ತಲೆಯೆತ್ತಿ ನೋಡಿದಳು.

ಚಳಿಯದ್ದೇ ಕೆಲಸ. ಹೊಸ ಬೂಟು ತರಲೇಬೇಕು. ತಪ್ಪಿದ್ದು ಎಡಗಾಲು, ತಣ್ಣಗಿದ್ದದ್ದು ಬಲಗಾಲು... ಇರಲಿ. ಅಕ್ಕತಂಗಿಯರ ಜಗಳದಲ್ಲಿ ಯಾರು ಯಾರ ಮೇಲೆ ತೀರಿಸಿಕೊಂಡರೋ.

ತೌನೊ ಅಡುಗೆಮನೆಯಿಂದಲೇ ಉಪದೇಶ ಮಾಡಿದ. ನಿವೃತ್ತಿಯಾದ ಗಂಡ ಮನೆಯಲ್ಲಿದ್ದರೆ ರೇಡಿಯೋ ಬೇಕಿಲ್ಲ.

"ಬಸ್ಸಲ್ಲಿ ಹೋಗೋಕೇನೇ ಕಷ್ಟ?"

"ಬಸ್ಸಲ್ಲಿ ಹೋಗೋ ಕಾಲ ಬಂದಾಗ ಹೋಗ್ತೀನಿ."

"ಹಂಗಾದ್ರೆ ನನ್ನ ಮೀನಿನ ಬೂಟು ಹಾಕ್ಕೊಂಡು ಹೋಗು. ಮಂಜುಗಡ್ಡೆ ಮೇಲೆ ಮೀನು ಹಿಡೀತಾ ದಿನಾಪೂರ್ತಿ ಕೂತ್ರೂ ಏನಾಗಲ್ಲ."

"ಚರ್ಚಿಗೆ ಮೀನಿನ ಬೂಟಾ?"

"ಯಾಕೆ, ಬೈಬಲ್ಲಲ್ಲಿರೋ ಆ ಶಿಷ್ಯರೆಲ್ಲ ಏನ್ ಮಾಡ್ತಿದ್ರು? ಮೀನು ತಾನೇ ಹಿಡೀತಿದ್ದಿದ್ದು?"

ಅವನ ಮೀನಿನ ಬೂಟುಗಳು ಎರಡು ದೋಣಿ. ಕೆರೆ ಮೀನಿನ ವಾಸನೆ. ಸತ್ತರೂ ಹಾಕುವುದಿಲ್ಲ.


ನವೆಂಬರ್ 14, ಗುರುವಾರ

ಇಲ್ಪೊ ಅಂಗಡಿಗೆ ಹೋಗಿದ್ದೆ. ಸೈಕಲ್ ಅಂಗಡಿಯೇ, ಆದರೆ ಈ ತಿಂಗಳು ಅರ್ಧ ಗೋಡೆ ಬೂಟುಗಳದ್ದು. ಇಲ್ಪೊ ನಮ್ಮ ಚರ್ಚಿನ ಹಾಡುಗಾರರ ಗುಂಪಾದ ಕ್ವಾಯರ್‌ನಲ್ಲಿ ಕೆಳದನಿಯವನು. ಹಾಡುವಾಗ ಬಾಯಿ ತೆರೆಯುವುದಿಲ್ಲ. ಬೂಟು ಮಾರುವಾಗ ಮುಚ್ಚುವುದಿಲ್ಲ.

"ನಿಮಗೆ ಬೆಚ್ಚಗಿರ್ಬೇಕಾ, ಒಣಗಿರ್ಬೇಕಾ?"

"ಎರಡೂ."

"ಎಲ್ರೂ ಹಂಗೇ ಅಂತಾರೆ. ನೋಡಿ ಹೆಲ್ಕಾ, ನೀರು ಒಳಗೆ ಬರದ ಬೂಟಲ್ಲಿ ಬೆವರೂ ಹೊರಗೆ ಹೋಗಲ್ಲ. ಬೆವರು ಹೋಗೋ ಬೂಟಲ್ಲಿ ಒಂದಿನ ನೀರು ಬರ್ತದೆ. ಈಗ ಹೇಳಿ."

ಏನು ಹೇಳಲಿ. ನಾನು ಕೊಳ್ಳಲು ಹೋದವಳೋ ಪರೀಕ್ಷೆ ಬರೆಯಲು ಹೋದವಳೋ.

ಆಮೇಲೆ ಒಂದೊಂದಾಗಿ ಇಳಿಸಿದ. ರಬ್ಬರಿನದ್ದು: ಗಂಜಿಯಲ್ಲಿ ರಾಜ, ಆದರೆ ಒಳಗೆ ಬೆವರಿ ಕಾಲು ಬೇಯುತ್ತದೆ, ನಿಂತರೆ ಹೆಪ್ಪುಗಟ್ಟುತ್ತದೆ. ಒತ್ತುಣ್ಣೆ, ಅಂದರೆ ಒತ್ತಿ ದಪ್ಪ ಮಾಡಿದ ಉಣ್ಣೆಯ ಒಳಪದರದ್ದು: ಒಣ ಚಳಿಗೆ ಸ್ವರ್ಗ, ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಮಾಮೂಲಿ ಶೂ ಮೇಲೆ ಎಳೆದುಕೊಳ್ಳುವ ಚೀಲ: ಹುಡುಗರಿಗೆ ಸರಿ. ಇನ್ನೊಂದು, ಅಟ್ಟೆಯಲ್ಲಿ ಕೊಂಡಿ ಇರುವ ಸೈಕಲ್ ಬೂಟು. ಪೆಡಲ್‌ಗೆ ಕಟಕ್ಕನೆ ಕಚ್ಚಿಕೊಳ್ಳುತ್ತದೆ. ಹಿಮ್ಮಡಿ ಹೊರಗೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ.

"ಯಾವುದೇ ತಗೊಳ್ಳಿ, ಎರಡು ಸೈಜ್ ದೊಡ್ಡದು ತಗೊಳ್ಳಿ. ಬಿಗಿ ಬೂಟಲ್ಲಿ ರಕ್ತ ಓಡಾಡಲ್ಲ. ಬೆರಳುಗಳು ಒಳಗೆ ಸಂಸಾರ ಮಾಡೋ ಹಂಗಿರ್ಬೇಕು."

ಕೊಂಡಿಯದ್ದೇ ತಂದೆ. ಆ ಕಟಕ್ ಶಬ್ದಕ್ಕೆ ಮನಸೋತೆ, ಸುಳ್ಳೇಕೆ. ಸೈಕಲ್ ನನ್ನ ಕಾಲು ಹಿಡಿದುಕೊಂಡ ಹಾಗಿತ್ತು.


ನವೆಂಬರ್ 17, ಭಾನುವಾರ

ಚಳಿ ಕಚ್ಚಿತು. ದಾರಿ ಗಟ್ಟಿ, ಆಕಾಶ ಶುಭ್ರ, ಹಿಮದಲ್ಲಿ ಜಾರದ ಮುಳ್ಳು ಟೈರುಗಳು ಕರಕರ ಅನ್ನುತ್ತ ಓಡಿದವು. ಬೆಳಗಿನ ಆ ಕತ್ತಲಲ್ಲಿ ಒಬ್ಬಳೇ ಹೋಗುವಾಗ ತಲೆಯೊಳಗಿನ ಕಸವೆಲ್ಲ ಹಿಂದೆ ಉದುರುತ್ತದೆ. ಇದಕ್ಕಾಗಿಯೇ ಬಸ್ಸು ಹತ್ತುವುದಿಲ್ಲ ನಾನು. ತೌನೊಗೆ ಹೇಳಿ ಪ್ರಯೋಜನವಿಲ್ಲ.

ಎಡ ಬೂಟು — ಅಪ್ಪಟ ಚಿನ್ನ. ಕಾಲು ಇದೆಯೋ ಇಲ್ಲವೋ ಅನ್ನುವಷ್ಟು ಹಾಯಿ.

ಬಲ ಬೂಟು — ದರಿದ್ರ. ಅರ್ಧ ದಾರಿಗೆ ಬೆರಳುಗಳು ಉರಿಯತೊಡಗಿದವು.

ಒಂದೇ ಜೋಡಿ, ಒಂದೇ ಡಬ್ಬಿ. ಬಲದ್ದಕ್ಕೆ ಒಳಪದರ ಹಾಕಲು ಯಾರೋ ಮರೆತಿದ್ದಾರೆ. ಬೇರೆ ಅರ್ಥ ಹೊಳೆಯುತ್ತಿಲ್ಲ.


ನವೆಂಬರ್ 19, ಮಂಗಳವಾರ

ಇಲ್ಪೊ ಎರಡೂ ಬೂಟಿನೊಳಗೆ ಮೊಣಕೈವರೆಗೆ ಕೈ ಹಾಕಿ ಹುಡುಕಿದ.

"ಎರಡೂ ಒಂದೇ ಇದೆಯಲ್ಲ."

"ನಿನ್ನ ಕೈಗೆ ಒಂದೇ. ನನ್ನ ಕಾಲಿಗೆ ಬೇರೆ."

ಬೆನ್ನ ಹಿಂದೆ ಸಾಲು ನಿಂತಿತ್ತು. ಪಾಪ, ಬದಲಿ ಜೋಡಿ ಕೊಟ್ಟ.


ನವೆಂಬರ್ 22, ಶುಕ್ರವಾರ

ಬದಲಿ ಜೋಡಿಯಲ್ಲೂ ಬಲದ್ದೇ ಕೆಟ್ಟಿದೆ! ಎಡ ಮಾತ್ರ ಬಂಗಾರ. ಎಲ್ಲ ಜೋಡಿಯಲ್ಲೂ ಬಲದ್ದನ್ನೇ ಕೆಡಿಸಲು ಏನಾದರೂ ಹರಕೆ ಹೊತ್ತಿದ್ದಾರೆಯೇ?

ಕ್ವಾಯರ್ ಅಭ್ಯಾಸ ಆದ ಮೇಲೆ ಕಾಫಿಗೆ ಕೂತಾಗ ಬಾಯಿತಪ್ಪಿ ಹೇಳಿದೆ. ಹೇಳಬಾರದಿತ್ತು. ಈ ಊರಲ್ಲಿ ರಾಜಕೀಯ ಬೇಡ ಅನ್ನುವವರಿದ್ದಾರೆ, ಚಳಿಗಾಲದ ಬೂಟಿನ ಬಗ್ಗೆ ಅಭಿಪ್ರಾಯ ಇಲ್ಲದವರು ಒಬ್ಬರೂ ಇಲ್ಲ. ಉಣ್ಣೆ ಸಾಕ್ಸ್ ಎರಡು ಜೊತೆ ಹಾಕು. ಛೇ, ಎರಡು ಹಾಕಬೇಡ, ಬಿಗಿಯಾಗುತ್ತದೆ. ಒಳಗೆ ತೆಳು ರೇಷ್ಮೆ. ನಡುವೆ ಪ್ಲಾಸ್ಟಿಕ್ ಚೀಲ. ಪ್ಲಾಸ್ಟಿಕ್ಕೇ? ಕೊಳೆತು ಹೋಗ್ತದೆ ಕಾಲು! ಬರ್ಚ್ ಮರದ ತೊಗಟೆ ಕತ್ತರಿಸಿ ಕೆಳಗೆ ಹಾಸು. ನಮ್ಮಜ್ಜ ಒಣಹುಲ್ಲು ತುಂಬ್ತಿದ್ದ, ತೊಂಬತ್ತು ದಾಟಿ ಬದುಕಿದ...

ಏಲಕ್ಕಿ ಬನ್ನು ತಿಂದು ಮುಗಿಸುವಷ್ಟರಲ್ಲಿ ತಲೆ ಕಲಸುಮೇಲೋಗರ. ಯಾರೂ ಕೇಳಲಿಲ್ಲ, ಯಾಕೆ ಒಂದೇ ಕಾಲು ಅಂತ. ನಾನೂ ಕೇಳಿಕೊಂಡಿಲ್ಲ, ಕೇಳಿದರೂ ಉತ್ತರ ಗೊತ್ತಿಲ್ಲ.


ಡಿಸೆಂಬರ್ 1, ಭಾನುವಾರ

ಕ್ರಿಸ್‌ಮಸ್ಸಿಗೆ ಕಾಯುವ ಅಡ್ವೆಂಟಿನ ಮೊದಲ ದಿನ. ಚರ್ಚು ತುಂಬಿತ್ತು. ವರ್ಷವೆಲ್ಲ ಬರದವರೂ ಈ ಒಂದು ಹಾಡಿಗೆ ಬರುತ್ತಾರೆ, ಎದ್ದು ನಿಂತು ಹಾಡುತ್ತಾರೆ. ಆ ಹಾಡಿನ ನಡುವೆಯೇ ಎಡಗಾಲು ಜಾರಿತು. ಒಂದು ಸಲವಲ್ಲ. ನಾನು ಸರಿಯಾದ ಪಟ್ಟಿ ಒತ್ತಿದ್ದೇನೆ ಅಂದುಕೊಂಡೇ ಇದ್ದೆ. ಕಿವಿ ಹೇಳಿತು, ಅಲ್ಲ ಅಂತ. ಬಗ್ಗಿ ನೋಡಿದೆ. ದೇವರೇ, ಬಗ್ಗಿ ನೋಡಿಬಿಟ್ಟೆ.

ಆಮೇಲೆ ಮೆರ್ಯಾ ಬಂದಳು. ನಮ್ಮ ಪಾದ್ರಿ. ನನಗಿಂತ ಚಿಕ್ಕವಳು, ಮಾತಿನಲ್ಲಿ ಹಿರಿಯಳು.

"ಹೆಲ್ಕಾ, ಕಾಲಿನ ಸ್ವರಗಳಿಗೆ ಏನಾಯ್ತು ಇವತ್ತು?"

"ಬೂಟಿನ ತೊಂದರೆ."

"ನುಡಿಸುವಾಗ ಬೂಟು ಹಾಕಿರ್ಲಿಲ್ವಲ್ಲ ನೀವು?"

"ಬರುವಾಗ ಹಾಕಿದ್ದೆ. ಕಾಲು ಮರಗಟ್ಟಿ ಹೋಗಿತ್ತು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಅಂತ ನಕ್ಕಳು. ನಾನೂ ನಕ್ಕೆ. ನಗುವಾಗಲೇ ಚುಚ್ಚಿತು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಕ್ರಿಸ್‌ಮಸ್ ಬೆಳಗಿಗೆ ಬೇರೆ ಯಾರನ್ನಾದ್ರೂ ಕರೆಸ್ಲಾ? ನಿಮಗೂ ಒಂದು ಸಲ ರಜ ಆಗ್ಲಿ."

ಬೇಡ ಅಂದೆ. ಜೋರಾಗಿಯೇ ಅಂದೆನೋ ಏನೋ.

ಮಗಳು ಹುಟ್ಟಿದ ವರ್ಷ ಒಂದನ್ನು ಬಿಟ್ಟರೆ ಎಲ್ಲ ಕ್ರಿಸ್‌ಮಸ್ ಬೆಳಗೂ ನಾನೇ. ಆ ಕತ್ತಲು, ಮೇಣದ ಬತ್ತಿ, ಮೊದಲ ಸ್ವರ. ಅದು ಬೇರೆಯವರ ಕೈಗೆ ಹೋದರೆ ಮುಂದಿನ ವರ್ಷ ಈಸ್ಟರೂ ಹೋಗುತ್ತದೆ. ಆಮೇಲೆ ಒಂದು ಹೂಗುಚ್ಛ, ಕಾಫಿ, ಚಪ್ಪಾಳೆ. ಭಯವಾಗುತ್ತಿದೆ. ಒಂದು ಜೋಡಿ ಒಳ್ಳೆಯ ಬೂಟು ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ.

ಆದರೆ ತಪ್ಪುವುದು ಬೆಚ್ಚಗಿರುವ ಕಾಲು. ತಣ್ಣಗಿರುವುದು ಸರಿಯಾಗಿ ನುಡಿಸುತ್ತದೆ. ಇದರ ತಲೆಬುಡ ಅರ್ಥವಾಗುತ್ತಿಲ್ಲ.


ಡಿಸೆಂಬರ್ 4, ಬುಧವಾರ

ತೌನೊನ ಪ್ರಯೋಗ. ಎಡದ ಸಾಕ್ಸ್ ಬಲಕ್ಕೆ, ಬಲದ್ದು ಎಡಕ್ಕೆ. ಒಳ ಅಟ್ಟೆಗಳನ್ನೂ ಬದಲಿಸಿದ. ಬೀದಿ ಕೊನೆವರೆಗೆ ಹೋಗಿ ಬಂದೆ.

"ಈಗ?"

"ಬಲಗಾಲೇ."

"ಹಂಗಾದ್ರೆ ಬೂಟಲ್ಲ ಕಣೇ. ಕಾಲು."

ಹೌದು, ಅಲ್ಲಿಗೆ ಒಂದು ನಿರ್ಧಾರವಾಯಿತು. ಬೂಟು ಸರಿಯಿದೆ, ನನ್ನ ಬಲಗಾಲು ಕೆಟ್ಟಿದೆ. ಔಷಧದಂಗಡಿಯಿಂದ ಮುಲಾಮು ತಂದೆ. ರಾತ್ರಿ ಬಿಸಿನೀರಿನ ಚೀಲ, ಬಲಗಾಲಿಗೆ ಮಾತ್ರ. ಬೆಳಿಗ್ಗೆ ತಿಕ್ಕುವುದು, ಬಲಗಾಲನ್ನು ಮಾತ್ರ. ಎಡಗಾಲಿನ ಕಡೆ ಕಣ್ಣೂ ಹಾಯಿಸುತ್ತಿಲ್ಲ. ಅದು ಒಳ್ಳೆಯ ಮಗು, ಅಳುವುದಿಲ್ಲ. "ಅದನ್ನು ನೋಡಿ ಕಲಿ" ಅಂತ ಬಲಗಾಲಿಗೆ ಬುದ್ಧಿ ಹೇಳುತ್ತೇನೆ. ತೌನೊ ನಗುತ್ತಾನೆ.


ಡಿಸೆಂಬರ್ 7, ಶನಿವಾರ

ಬಿದ್ದೆ. ಸಿಗ್ನಲ್ ಹತ್ತಿರ, ನಿಂತಲ್ಲೇ. ಎಡಗಾಲಿನ ಕೊಂಡಿ ಬಿಚ್ಚಿದೆ ಅಂದುಕೊಂಡೆ, ಬಿಚ್ಚಿರಲಿಲ್ಲ. ಕಡಿದ ಮರದ ಹಾಗೆ ನಿಧಾನಕ್ಕೆ ಎಡಕ್ಕೆ ವಾಲಿ ಹಿಮದ ಗುಡ್ಡೆಯಲ್ಲಿ ಹೂತೆ. ನಾಯಿ ಹಿಡಿದು ಹೋಗುತ್ತಿದ್ದ ಹೆಂಗಸು ಬಂದಳು. ಏನಾಯಿತು ಅಂತ ನಮ್ಮವರು ಕೇಳುವುದಿಲ್ಲ. "ಜಾರ್ತದೆ ಇವತ್ತು," ಅಂದಳು. "ಹೌದು," ಅಂದೆ. ಜಾರುತ್ತಿರಲಿಲ್ಲ.

ಸೀದಾ ಇಲ್ಪೊ ಅಂಗಡಿಗೆ ಹೋದೆ.

"ಈಗ ಎಡದ್ದೂ ಕೆಟ್ಟಿದೆ. ಕೊಂಡಿ ಸರಿಯಿಲ್ಲ."

ಅವನು ಕೊಂಡಿ ಹಾಕಿ ಬಿಚ್ಚಿ ಹಾಕಿ ಬಿಚ್ಚಿ ತೋರಿಸಿದ. ಕಟಕ್, ಕಟಕ್, ಕಟಕ್. ಏನೂ ಆಗಿರಲಿಲ್ಲ ಅದಕ್ಕೆ.

"ಹೆಲ್ಕಾ, ಬೇಜಾರು ಮಾಡ್ಕೋಬೇಡಿ. ನಿಮಗೆ ಬೇಕಾಗಿರೋದು ಬೂಟಾ, ಇನ್ನೇನಾದ್ರೂನಾ?"

"ಬೂಟು," ಅಂದೆ. ಕಣ್ಣಲ್ಲಿ ನೀರು ಬಂತು. ಯಾಕೆ ಅಂತ ಗೊತ್ತಿಲ್ಲ. ಬಿದ್ದ ನೋವು ಏನೂ ಇರಲಿಲ್ಲ.

ಕೊಂಡಿಯಿಲ್ಲದ್ದು ಕೊಟ್ಟ. ಕೆಳಗೆ ರಬ್ಬರು, ಮೇಲೆ ಚರ್ಮ, ಒಳಗೆ ಒತ್ತುಣ್ಣೆ. "ಇದೂ ಆಗ್ಲಿಲ್ಲ ಅಂದ್ರೆ ಬಲದ್ದು ಬೇರೆ ಕಡೆಯಿಂದ, ಎಡದ್ದು ಬೇರೆ ಕಡೆಯಿಂದ ತರಿಸ್ತೀನಿ," ಅಂದ. ನಗಿಸಲು ಅಂದದ್ದು.


ಡಿಸೆಂಬರ್ 10, ಮಂಗಳವಾರ

ಮತ್ತೆ ಗಂಜಿ. ಹೊಸ ಬೂಟು ಮೇಲಿನಿಂದ ನೀರು ಕುಡಿಯಿತು. ಒದ್ದೆ ಹೀರಲಿ ಅಂತ ಎರಡಕ್ಕೂ ಇವತ್ತಿನ ಪೇಪರ್ ಉಂಡೆ ಮಾಡಿ ತುರುಕಿ ಹೀಟರ್ ಪಕ್ಕ ಇಟ್ಟಿದ್ದೇನೆ. ನನ್ನಮ್ಮ ಮಾಡುತ್ತಿದ್ದದ್ದೂ ಅದೇ. ಇಷ್ಟೆಲ್ಲ ಬೂಟು ಬಂದರೂ ಒಣಗಿಸಲು ಪೇಪರಿಗಿಂತ ಒಳ್ಳೆಯದು ಬಂದಿಲ್ಲ.


ಡಿಸೆಂಬರ್ 12, ಗುರುವಾರ

ಎಡ ಬೂಟು ಈಗಂತೂ ಪರಮಾನಂದ. ಬಲಗಾಲಿಗೆ ಅದೇ ರಗಳೆ. ಅಭ್ಯಾಸದಲ್ಲಿ ಎಡಗಾಲು ಮೂರು ಸಲ ತಪ್ಪಿತು. ಎಲ್ಲರೂ ಹಾಡಿನ ಹಾಳೆಯಲ್ಲೇ ಕಣ್ಣು ನೆಟ್ಟು ಹಾಡಿದರು.


ಡಿಸೆಂಬರ್ 13, ಶುಕ್ರವಾರ

ಬರೆಯಲೇ ಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಮನೆಗೆ ಬಂದು ಬಾಗಿಲಲ್ಲಿ ಬೂಟು ಕಳಚಿ ಒಳಗೆ ಹೋದೆ. ತೌನೊ ಅವುಗಳನ್ನು ಒಣಗಿಸಲು ಎತ್ತಿಕೊಂಡ.

"ಹೆಲ್ಕಾ, ಇವತ್ತು ಯಾವ ವಾರ?"

"ಶುಕ್ರವಾರ. ಯಾಕೆ, ಮರೆವು ಶುರುವಾಯ್ತಾ?"

"ಇದು ಮಂಗಳವಾರದ ಪೇಪರ್."

ಕೈಯಲ್ಲಿ ಒಂದು ಉಂಡೆ ಹಿಡಿದಿದ್ದ. ಉಂಡೆಯಲ್ಲ, ಹಲಗೆಯ ಚೂರಿನ ಹಾಗೆ ಅಪ್ಪಚ್ಚಿಯಾಗಿತ್ತು. ಅದರಲ್ಲಿ ನನ್ನ ಬೆರಳುಗಳ ಅಚ್ಚು. ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು.

"ಎಡ ಬೂಟಲ್ಲಿತ್ತು," ಅಂದ.

ಬಲದ್ದನ್ನು ಬುಧವಾರ ಬೆಳಿಗ್ಗೆ ತೆಗೆದದ್ದು ನೆನಪಿದೆ. ಕಾಲಿಟ್ಟ ತಕ್ಷಣ ತಗುಲಿತು, ಬೈದುಕೊಂಡು ತೆಗೆದು ಎಸೆದೆ. ಎಡದ್ದನ್ನು... ತಗುಲಲಿಲ್ಲ, ಹಾಗಾಗಿ ಇಲ್ಲ ಅಂದುಕೊಂಡೆ. ಬುಧ, ಗುರು, ಶುಕ್ರ. ಚರ್ಚಿಗೆ ಹೋದೆ, ಅಂಗಡಿಗೆ ಹೋದೆ, ಊರೆಲ್ಲ ತುಳಿದೆ. ಇಡೀ ಪೇಪರನ್ನು ಕಾಲಲ್ಲಿ ಇಟ್ಟುಕೊಂಡು.

ತೌನೊ ನೆಲದ ಮೇಲೆ ಕೂತು ಸಾಕ್ಸ್ ಎಳೆದ. ಕಿರುಬೆರಳ ಬುಡದಲ್ಲಿ ಗುಳ್ಳೆ ಒಡೆದು ಹಸಿ ಗಾಯ, ಸುತ್ತ ಕಪ್ಪು.

"ನೋವಿಲ್ವಾ?"

"ಇಲ್ಲ."

"ಈಗ?"

"ಈಗ ಏನು?"

ಬಗ್ಗಿ ನೋಡಿದೆ. ಅವನ ಉಗುರು ನನ್ನ ಹೆಬ್ಬೆರಳಿಗೆ ಊರಿ ಬೆಳ್ಳಗಾಗಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಷ್ಟು ದಿನ ಒಳ್ಳೆಯ ಕಾಲಿಗೆ ಮುಲಾಮು, ಬಿಸಿನೀರು, ಬೈಗುಳ. ಬಲಗಾಲು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು, ಚಳಿ ಇದೆ ಅಂತ. ಎಡದ್ದು ಬೆಚ್ಚಗಿರಲಿಲ್ಲ. ಸುಮ್ಮನಿತ್ತು ಅಷ್ಟೇ.

ಎಷ್ಟು ದಿನದಿಂದ ಸುಮ್ಮನಿದೆ? ಗೊತ್ತಿಲ್ಲ. ಹಳೇ ಬೂಟಿನ ಎಡಗಡೆಯೂ ತೂತಿತ್ತೇನೋ. ಗೊತ್ತಿಲ್ಲ.


ಡಿಸೆಂಬರ್ 16, ಸೋಮವಾರ

ಡಾಕ್ಟರ್ ಸೂಜಿ ಚುಚ್ಚಿದರು, ಬ್ರಷ್ ಸವರಿದರು, ಕಣ್ಣು ಮುಚ್ಚಿಸಿ ಬೆರಳು ಅಲ್ಲಾಡಿಸಿ ಮೇಲೋ ಕೆಳಗೋ ಅಂತ ಕೇಳಿದರು. ಅಂದಾಜಿನ ಮೇಲೆ ಹೇಳಿದೆ. ಶಾಲೆಯಲ್ಲಿ ಗಣಿತಕ್ಕೂ ಹೀಗೇ ಮಾಡುತ್ತಿದ್ದೆ, ಆಗಲೂ ಪಾಸಾಗಲಿಲ್ಲ.

ಬೆನ್ನಿನಲ್ಲಂತೆ. ಎರಡು ಮೂಳೆಗಳ ನಡುವಿನ ಮೆತ್ತೆ ಹೊರಗೆ ಬಂದು ಕಾಲಿನ ನರವನ್ನು ಅದುಮಿಕೊಂಡಿದೆ. ಬೆನ್ನು ನೋವಿರಲಿಲ್ಲವೇ ಅಂದರು. ಆರ್ಗನ್ ಬೆಂಚಿನ ಮೇಲೆ ಜನ್ಮ ಕಳೆದವರಿಗೆ ಬೆನ್ನು ನೋವು ಒಂದು ಸುದ್ದಿಯೇ? ಜನವರಿಯಲ್ಲಿ ಕೊಯ್ಯುತ್ತಾರೆ. ಸ್ಪರ್ಶ ಮರಳಿ ಬರಬಹುದು. ಬರದೆಯೂ ಇರಬಹುದು. "ಬರಬಹುದು" ಅನ್ನುವಾಗ ಅವರು ಕಂಪ್ಯೂಟರ್ ನೋಡುತ್ತಿದ್ದರು.

ಸೈಕಲ್ ಸದ್ಯಕ್ಕೆ ಬೇಡ. ಮುಂದೆ ಹೊಡೆದರೂ ಕೊಂಡಿ ಬೂಟು ಯಾವತ್ತೂ ಬೇಡ.

ಗಾಯಕ್ಕೆ ಬಟ್ಟೆ ಕಟ್ಟಿದ ನರ್ಸ್ ಹೇಳಿದಳು, "ಅಗಲದ ಬೂಟು ಹಾಕಿ. ಎಲ್ಲೂ ಒತ್ತಬಾರ್ದು, ಒದ್ದೆ ಆಗ್ಬಾರ್ದು. ದಿನಾ ಕಣ್ಣಾರೆ ನೋಡಿ. ಅದು ನಿಮ್ಮನ್ನ ಕರೆಯಲ್ಲ."

ಬಸ್ಸಿನಲ್ಲಿ ಬಂದೆ. ಎಲ್ಲರೂ ಫೋನ್ ನೋಡುತ್ತಿದ್ದರು. ಅಳು ಬಂತು, ಅತ್ತೆ. ಅದೊಂದು ಅನುಕೂಲ ಬಸ್ಸಿನಲ್ಲಿ.


ಡಿಸೆಂಬರ್ 18, ಬುಧವಾರ

ಮೆರ್ಯಾಗೆ ಹೇಳಿದೆ. ಅವಳು ಮೊದಲು ನೆಲ ನೋಡಿದಳು.

"ಆವತ್ತು ಆ ಗಾದೆ ಹೇಳಬಾರ್ದಿತ್ತು ನಾನು."

"ಗಾದೆ ಸರಿಯಾಗೇ ಇತ್ತು. ನೆಲ ಡೊಂಕಿರ್ಲಿಲ್ಲ, ಕಾಲು ಡೊಂಕಿತ್ತು."

"ಕ್ರಿಸ್‌ಮಸ್?"

"ಬಲಗಾಲಿದೆಯಲ್ಲ."

ಹೇಳುವುದೇನೋ ಹೇಳಿಬಿಟ್ಟೆ. ಈಗ ಕೂತು ಎಲ್ಲ ಹಾಡಿನ ಕೆಳಸ್ವರಗಳನ್ನೂ ಒಂಟಿಕಾಲಿಗೆ ಹೊಂದಿಸುತ್ತಿದ್ದೇನೆ. ಕೆಲವು ಕಡೆ ಬಲಗಾಲು ಈ ತುದಿಯಿಂದ ಆ ತುದಿಗೆ ಹಾರಬೇಕು. ಹಾರಲಾಗದ ಕಡೆ ಇಲ್ಪೊ ಮತ್ತು ಉಳಿದ ಕೆಳದನಿಯವರು ಹಾಡಿ ತುಂಬಬೇಕು. ಇಲ್ಪೊಗೆ ಫೋನ್ ಮಾಡಿದೆ.

"ಬಾಯಿ ತೆಗೆದು ಹಾಡ್ಬೇಕು ಈ ಸಲ."

"ಬೂಟು ವಾಪಸ್ ತರಲ್ಲ ಅಂದ್ರೆ ಹಾಡ್ತೀನಿ."


ಡಿಸೆಂಬರ್ 24, ಮಂಗಳವಾರ

ಸಮಾಧಿಗಳಿಗೆ ದೀಪ ಹಚ್ಚಿ ಬಂದೆವು. ಹಿಮದ ತುಂಬ ದೀಪ. ಅಮ್ಮನ ಕಲ್ಲಿನ ಮುಂದೆ ನಿಂತಾಗ ಬಲಗಾಲು ತಣ್ಣಗಾಯಿತು. ಸರಿ ಅಂದೆ, ಹೊರಟೆವು. ಈಗ ಹಾಗೆಯೇ: ಬಲಗಾಲು ಇಬ್ಬರ ಪರವಾಗಿ ಮಾತಾಡುತ್ತದೆ.

ಕಾಲಿಗೆ ಹಾಕಿದ್ದದ್ದು ತೌನೊನ ಮೀನಿನ ಬೂಟು. ಬಟ್ಟೆ ಕಟ್ಟಿದ ಕಾಲು ಬೇರೆ ಯಾವುದಕ್ಕೂ ಇಳಿಯುವುದಿಲ್ಲ. ಸತ್ತರೂ ಹಾಕುವುದಿಲ್ಲ ಅಂದಿದ್ದೆ. ಸಾಯದೆಯೇ ಹಾಕಿದೆ. ತೌನೊ ಒಂದು ಮಾತೂ ಆಡಲಿಲ್ಲ. ಆಡದೆ ಇರಲು ಅವನಿಗೆ ಬಹಳ ಕಷ್ಟವಾಯಿತು.


ಡಿಸೆಂಬರ್ 25, ಬುಧವಾರ. ಮಧ್ಯಾಹ್ನ

ನುಡಿಸಿದೆ. ಬೆನ್ನೆಲ್ಲ ಬೆವರು. ಎಡಗಾಲನ್ನು ಬೆಂಚಿನ ಕೆಳಗೆ ಮಡಿಚಿ ಇಟ್ಟಿದ್ದೆ, ತರಗತಿಯಿಂದ ಹೊರಗೆ ನಿಲ್ಲಿಸಿದ ಹಾಗೆ. ಕೊನೆಯ ಹಾಡಿನಲ್ಲಿ ಇಲ್ಪೊ ಬಾಯಿ ತೆರೆದ. ಇಷ್ಟು ವರ್ಷ ಆ ದನಿಯನ್ನು ಎಲ್ಲಿ ಬಚ್ಚಿಟ್ಟಿದ್ದನೋ ಆಸಾಮಿ.

ಮೆರ್ಯಾ ಮೇಲೆ ಹತ್ತಿ ಬಂದು ತಬ್ಬಿಕೊಂಡಳು. ನಾನು ಸಂತೋಷವಾಗಿದ್ದೇನೆಯೋ ಇದೇ ಕೊನೆಯೋ, ತಿಳಿಯುತ್ತಿಲ್ಲ. ಎರಡೂ ಒಟ್ಟಿಗೆ ಇದೆ.


ಜನವರಿ 24, ಶುಕ್ರವಾರ

ಕೊಯ್ದಾಯಿತು, ಮನೆಗೆ ಬಂದಾಯಿತು. ಬೆನ್ನು ಹಗುರ. ಎಡಗಾಲು ಇನ್ನೂ ಊರಿಗೆ ಬಂದಿಲ್ಲ.


ಫೆಬ್ರವರಿ 10, ಸೋಮವಾರ

ತೌನೊ ಒಂದು ಆಟ ಕಂಡುಹಿಡಿದಿದ್ದಾನೆ. ದಿನಾ ಬೆಳಿಗ್ಗೆ ನಾನು ವಾಕಿಂಗ್ ಹೊರಡುವ ಮೊದಲು ಎಡ ಬೂಟಿನಲ್ಲಿ ಪೇಪರ್ ಉಂಡೆ ಇಡುತ್ತಾನೆ, ಅಥವಾ ಇಡುವುದಿಲ್ಲ. ನಾನು ಕಾಲಿಟ್ಟು ಹೇಳಬೇಕು. ಮೆತ್ತನೆಯ ಉಂಡೆ, ಗಾಯವಾಗದ ಹಾಗೆ. ಹೇಳಿದ ಮೇಲೆ ತೆಗೆಯುತ್ತಾನೆ.

"ಇದೆ."

"ಇಲ್ಲ."

ಮರುದಿನ, "ಇಲ್ಲ."

"ಇದೆ."

ಒಮ್ಮೊಮ್ಮೆ ಸರಿ ಹೇಳುತ್ತೇನೆ. ಆದರೆ ಅದು ಕಾಲು ಹೇಳಿದ್ದೋ, ತೌನೊನ ಮುಖ ಹೇಳಿದ್ದೋ? ಅವನಿಗೆ ಸುಳ್ಳು ಮುಖ ಮಾಡಲು ಬರುವುದಿಲ್ಲ. ಈಗ ಗೋಡೆಗೆ ತಿರುಗಿ ನಿಲ್ಲು ಅಂತ ಹೇಳಿದ್ದೇನೆ. ತಿರುಗಿದ ಮೇಲೆ ಎಲ್ಲ ತಪ್ಪು.

ಬೂಟು ಮಾತ್ರ ಮೀನಿನದೇ. ವಾಸನೆ ರೂಢಿಯಾಗಿದೆ. ಅವನು ಮಂಜುಗಡ್ಡೆಗೆ ಹೋಗುತ್ತಿಲ್ಲ, ಬೂಟಿಲ್ಲ ಅಂತ ನೆಪ. "ಮೀನುಗಳು ನಿನ್ನ ಹೆಸರಲ್ಲಿ ದೀಪ ಹಚ್ತಾ ಇರ್ತವೆ," ಅನ್ನುತ್ತಾನೆ.


ಫೆಬ್ರವರಿ 21, ಶುಕ್ರವಾರ

ಇಲ್ಪೊ ಅಂಗಡಿಯಲ್ಲಿ ಚಳಿಗಾಲದ ಬೂಟುಗಳನ್ನು ಮೂಲೆಗೆ ಸರಿಸುತ್ತಿದ್ದ. ಅಗಲದ ಒಂದು ಜೋಡಿ ನನಗೋಸ್ಕರ ಎತ್ತಿಟ್ಟಿದ್ದನಂತೆ. ಮೆತ್ತಗಿದೆ, ಒಳಪದರ ಹೊರಗೆ ತೆಗೆದು ಒಣಗಿಸಬಹುದು. ಹಾಕಿ ಓಡಾಡಿದೆ.

"ಹೆಂಗಿದೆ?"

"ಬಲಗಾಲಿಗೆ ಬಹಳ ಚೆನ್ನಾಗಿದೆ."

"ಎಡಗಾಲಿಗೆ?"

"ಅದರ ಅಭಿಪ್ರಾಯ ಇನ್ನೂ ಬಂದಿಲ್ಲ."

"ಬರೋವರೆಗೂ ಇಲ್ಲೇ ಇರ್ತದೆ ಇದು. ಯಾರಿಗೂ ಕೊಡಲ್ಲ," ಅಂದ. ಡಬ್ಬಿಯ ಮೇಲೆ ನನ್ನ ಹೆಸರು ಬರೆದ.

ವಾಪಸ್ ಬರುವಾಗ ಯೋಚಿಸಿದೆ, ಬಾರದೇ ಇದ್ದರೆ? ಬೂಟಿನ ಡಬ್ಬಿ ಅಲ್ಲೇ ಕೂತಿರುತ್ತದೆ, ನಾನು ಬಸ್ಸಿನಲ್ಲಿ, ಕಾಲ್ಮಣೆಯ ಮೇಲೆ ಬೇರೆ ಯಾರದೋ ಎರಡು ಚುರುಕು ಕಾಲು. ಮುಂದಕ್ಕೆ ಯೋಚಿಸಲಾಗಲಿಲ್ಲ. ಇಳಿಯುವ ಸ್ಟಾಪ್ ದಾಟಿ ಹೋಗಿದ್ದೆ.


ಮಾರ್ಚ್ 5, ಬುಧವಾರ

ಸ್ವಲ್ಪ ದೂರ ಸೈಕಲ್ ಹೊಡೆಯಬಹುದು ಅಂದರು ಡಾಕ್ಟರ್. ಸೂಜಿಗೆ ಈಗಲೂ ಅಂದಾಜಿನ ಉತ್ತರವೇ. ಒಂದು ಸಲ ಏನೋ ಮುಟ್ಟಿದ ಹಾಗಾಯಿತು. ನಿಜವಾಗಿ ಮುಟ್ಟಿದ್ದೋ, ಮುಟ್ಟಲಿ ಅನ್ನುವ ಆಸೆಯೋ? ಆಸೆಯೂ ಬೆರಳ ತುದಿಗೆ ಇಳಿಯುತ್ತದೆಯೇ?


ಮಾರ್ಚ್ 8, ಶನಿವಾರ. ಬೆಳಿಗ್ಗೆ

ಹೆಲ್ಮೆಟ್ ತಲೆಯ ಮೇಲೇ ಇದೆ. ಹಾಗೇ ಕೂತು ಬರೆಯುತ್ತಿದ್ದೇನೆ.

ಬಿಸಿಲು ಬಂದಿದೆ, ಹಿಮ ಗಟ್ಟಿಯಾಗಿದೆ. ತೌನೊ ಸೈಕಲ್ ಹೊರಗೆ ತಂದು ಚೈನಿಗೆ ಎಣ್ಣೆ ಹಾಕಿಟ್ಟಿದ್ದ. ಮೀನಿನ ಬೂಟಿಗೆ ಎಡಗಾಲಿಟ್ಟೆ. ಅವನು ರೂಢಿಯಂತೆ ಗೋಡೆಗೆ ತಿರುಗಿ ಕಾಫಿ ಕುಡಿಯುತ್ತ ನಿಂತಿದ್ದ.

"ಇದೆ," ಅಂದೆ.

"ಸೋತೆ ಕಣೇ. ಇವತ್ತು ಇಟ್ಟೇ ಇಲ್ಲ. ಸೈಕಲ್ ಗಡಿಬಿಡೀಲಿ ಮರೆತೆ."

"ಏನೋ ಇದೆ ತೌನೊ."

"ಇಲ್ಲ ಅಂದ್ನಲ್ಲ."

"ಹೆಬ್ಬೆರಳ ಕೆಳಗೆ. ಚೂಪಾಗಿದೆ."

ಆಗ ತಿರುಗಿದ. ಲೋಟ ಕಿಟಕಿಯ ಮೇಲೆ ಇಟ್ಟ. ಬೂಟು ಎಳೆದು ತಲೆಕೆಳಗು ಮಾಡಿ ಹಿಮ್ಮಡಿಗೆ ಬಡಿದ. ಏನೂ ಬೀಳಲಿಲ್ಲ. ಮತ್ತೊಂದು ಸಲ ಬಡಿದ, ಜೋರಾಗಿ.

ಟಿಕ್ ಅಂತ ಬಿತ್ತು. ನೆಲದ ಮೇಲೆ ಉರುಳಿ ನಿಂತಿತು. ಜಾರದಿರಲಿ ಅಂತ ದಾರಿಯ ಮೇಲೆ ಚೆಲ್ಲುತ್ತಾರಲ್ಲ, ಆ ಜಲ್ಲಿಯ ಚೂರು. ಬಟಾಣಿಯಷ್ಟೂ ಇಲ್ಲ.

ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ತೌನೊ ಮೂಗೊರೆಸಿಕೊಂಡ.

"ನಾನಿಟ್ಟಿದ್ದಲ್ಲ ಅದು," ಅಂದ.

ಗೊತ್ತು. ಗೊತ್ತು. ಅವನ ಮುಖ ನೋಡಿ ಹೇಳಿದ್ದಲ್ಲ, ಅವನಿಗೇ ಗೊತ್ತಿರಲಿಲ್ಲ. ಹಾಗಾದರೆ ಯಾರು ಹೇಳಿದ್ದು? ಎಡಗಾಲೇ ಹೇಳಿದ್ದು. ಅಲ್ಲವೇ? ಇಲ್ಲ, ಒಂದು ಸಲ ಸಾಲದು. ಆಕಸ್ಮಿಕ ಇರಬಹುದು. ಅವನು ಗುಡಿಸಲು ಹೋದ, ಕಿತ್ತುಕೊಂಡೆ. ಕಲ್ಲು ಈಗ ಇಲ್ಲೇ ಇದೆ, ಪುಸ್ತಕದ ಪಕ್ಕ. ವಾಪಸ್ ಬೂಟಿನೊಳಗೆ ಹಾಕಿ ಇನ್ನೊಂದು ಸಲ ನೋಡಬೇಕು. ಹುಚ್ಚೀ, ಗಾಯ ಮಾಡ್ಕೋತೀಯ ಅಂತ ಬೈಯುತ್ತಲೇ ಬೂಟು ಹಿಡಿದುಕೊಂಡಿದ್ದಾನೆ. ಹಾಕಿದೆ. ಕಾಲು ಇಳಿಸುತ್ತಿದ್ದೇನೆ. ಹಿಮ್ಮಡಿ... ಇನ್ನೂ ಇಲ್ಲ... ಇನ್ನೂ —